ಮೀನಿನ ಬುಟ್ಟಿಗೊಂದು ಸೀಟು

ಬಸ್ಸಿನ ಬಾಡಿ ಕಟ್ಟುವವನಿಗೆ ಪ್ರಯಾಣಿಕರ ಮುಖ ಗೊತ್ತಿರುವುದಿಲ್ಲ. ಗೊತ್ತಿರುವುದು ಅವರ ಮೊಣಕಾಲು, ಸೊಂಟ, ನೆತ್ತಿ. ಯಾರ ಮೊಣಕಾಲು ಎದುರಿನ ಸೀಟಿಗೆ ತಾಗುತ್ತದೆ, ಯಾರ ನೆತ್ತಿ ಬಾಗಿಲಿನ ಅಂಚಿಗೆ ಬಡಿಯುತ್ತದೆ, ಹತ್ತುವಾಗ ಯಾರು ಎಲ್ಲಿ ಕೈ ಹಾಕುತ್ತಾರೆ ಎಂಬುದನ್ನು ನೋಡುತ್ತಲೇ ನನ್ನ ಸರ್ವೀಸು ಮುಗಿಯಿತು. ಇವತ್ತಿಗೂ ಯಾರಾದರೂ ಹೊಸಬರ ಪರಿಚಯ ಮಾಡಿಸಿದರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಎತ್ತರಕ್ಕೆ. ಮದುವೆ ಮನೆಯಲ್ಲಿ ಜನರನ್ನು ಅಳತೆ ಮಾಡಬೇಡಿ ಎಂದು ಮನೆಯವಳು ಬೈಯುತ್ತಾಳೆ.

ಸಾಲಿಗ್ರಾಮಕ್ಕೂ ಕುಂದಾಪುರಕ್ಕೂ ನಡುವೆ, ಹೆದ್ದಾರಿಯ ಬದಿಯ ಒಂದು ವರ್ಕ್‌ಶಾಪಿನಲ್ಲಿ ನನಗೆ ಕೆಲಸವಿತ್ತು. ಕಂಪೆನಿಯಿಂದ ಬರುವುದು ಬರೀ ಚಾಸಿ, ಅಂದರೆ ಇಂಜಿನು, ಚಕ್ರ, ಸ್ಟೇರಿಂಗು. ಅದರ ಮೇಲೆ ಜನ ಕೂರುವಂಥ ಬಸ್ಸನ್ನು ಎಬ್ಬಿಸುವವರು ನಾವು. ಈಚೆಗೆ ಅಲ್ಲಿ ಹೊಸದಾಗಿ ಸೇರಿದವರು ಮನೆಗೆ ಬಂದು, ಡಿಸೈನ್ ಬಗ್ಗೆ ನಿಮಗೆ ಗೊತ್ತಿರುವುದನ್ನು ಬರೆದುಕೊಡಿ ಅಂದರು. ಡಿಸೈನ್ ಎಂಬ ಶಬ್ದ ನಮ್ಮ ಕಾಲದಲ್ಲಿ ಸೀರೆ ಅಂಗಡಿಯಲ್ಲಿ ಮಾತ್ರ ಕೇಳುತ್ತಿತ್ತು. ನಮ್ಮಲ್ಲಿ ಇದ್ದದ್ದು ಎರಡೇ ಮಾತು: 'ಸರಿ ಆಯ್ತ್', 'ಸರಿ ಆತಿಲ್ಲೆ'. ಎರಡನೆಯದೇ ಜಾಸ್ತಿ.

ನಾನು ಯಾವಾಗ ಮೇಸ್ತ್ರಿಯಾದೆ, ಯಾರು ಶಾಲು ಹೊದಿಸಿದರು, ಅದೆಲ್ಲ ಯಾರಿಗೆ ಬೇಕು ಮಾರಾಯರೆ? ನಾನು ಬರೆಯಲು ಕೂತದ್ದು ಒಂದು ಮೀನಿನ ಬುಟ್ಟಿಯ ವಿಷಯ. ಗುಲಾಬಕ್ಕ ಎಂಬ ಮೀನು ಮಾರುವ ಹೆಂಗಸಿನ ಅನ್ನವೇ ಹೋಗುವುದರಲ್ಲಿತ್ತು. ಅದೂ ನಾವು ಕಷ್ಟಪಟ್ಟು, ಚಂದ ಮಾಡಿ, ಎಲ್ಲರಿಂದ ಭೇಷ್ ಅನ್ನಿಸಿಕೊಂಡ ಒಂದು ಕೆಲಸದಿಂದ. ಅಲ್ಲಿಗೆ ಹೋಗುವ ಮೊದಲು ನನಗೆ ಕೆಲಸ ಕಲಿಸಿದವರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಇಲ್ಲದಿದ್ದರೆ ಅಷ್ಟೆಲ್ಲ ಕಲಿತವರು ಹೇಗೆ ಎಡವಿದರು ಎಂಬುದು ನಿಮಗೆ ಅರ್ಥವಾಗುವುದಿಲ್ಲ.

ವಾಸು ಮೇಸ್ತ್ರಿ ಅಂತ, ಕೋಟದ ಕಡೆಯವರು. ಭಯಂಕರ ಕೋಪ. ಆದರೆ ಅವರ ಬೈಗುಳವೆಲ್ಲ ಕಬ್ಬಿಣಕ್ಕೆ, ಮನುಷ್ಯರಿಗಲ್ಲ. ಸಲಾಕೆ ಬಗ್ಗದಿದ್ದರೆ ಅದನ್ನು ಮುಖದ ಹತ್ತಿರ ಹಿಡಿದು, ನಿಂಗೆ ಎಂತ ದಾಡಿ ಎಂದು ಕೇಳುತ್ತಿದ್ದರು. ನಾನು ಮೊದಲ ಸಲ ಸ್ವಂತ ಅಳತೆಯಲ್ಲಿ ಬಾಗಿಲ ಮೆಟ್ಟಿಲು ಕೂರಿಸಿದ ದಿನ ಅವರು ಬೈಯಲೇ ಇಲ್ಲ. ಬದಲಿಗೆ ಒಂದು ಪಂಚೆ ತಂದು, ಹಿಮ್ಮಡಿಯವರೆಗೆ ಬಿಗಿಯಾಗಿ ಸುತ್ತಿಕೋ ಅಂದರು. ಒಂದು ಕೈಗೆ ತೆಂಗಿನಕಾಯಿ ತುಂಬಿದ ಚೀಲ ಕೊಟ್ಟು, ಈಗ ಹತ್ತು ಅಂದರು. ಹತ್ತಲಿಕ್ಕೆ ಎಲ್ಲಿ ಆಗುತ್ತದೆ! ಒಂದು ಕಾಲು ಎತ್ತಿದೆ, ಪಂಚೆ ಹಿಡಿದುಕೊಂಡಿತು, ಚೀಲ ಒಂದು ಕಡೆ, ನಾನು ಒಂದು ಕಡೆ. ಇಡೀ ವರ್ಕ್‌ಶಾಪು ಬಿದ್ದು ಬಿದ್ದು ನಕ್ಕಿತು. ಸೀರೆ ಉಟ್ಟವರು ದಿನಾ ಹೀಗೆಯೇ ಹತ್ತುವುದು ಎಂದಷ್ಟೇ ಹೇಳಿ ಮೇಸ್ತ್ರಿ ಊಟಕ್ಕೆ ಹೋದರು.

ನಾನು ಮೆಟ್ಟಿಲು ಇಳಿಸಿದೆ. ಆಗ ಅವರು ನನ್ನನ್ನು ಬೈಂದೂರು ಬಸ್ಸು ಹತ್ತಿಸಿ ಯಡ್ತರೆಯಲ್ಲಿ ಇಳಿಸಿದರು. ರಸ್ತೆಗೆ ಡಾಮರಿನ ಮೇಲೆ ಡಾಮರು ಬಿದ್ದು ಎತ್ತರವಾಗಿತ್ತು, ಜನ ನಿಲ್ಲುವ ಅಂಚು ಹಾಗೆಯೇ ತಗ್ಗಿನಲ್ಲಿ ಉಳಿದಿತ್ತು. ನಮ್ಮಲ್ಲಿ ಮೊಣಕಾಲಿಗೆ ಬರುತ್ತಿದ್ದ ಮೆಟ್ಟಿಲು ಅಲ್ಲಿ ತೊಡೆಗೆ ಬಂತು.

"ಬಸ್ ನಿಲ್ಲುದ್ ನಮ್ಮ ಸಿಮೆಂಟ್ ನೆಲದ್ ಮೇಲಲ್ಲ ಮಾರಾಯ," ಅಂದರು ಮೇಸ್ತ್ರಿ. "ಚರಂಡಿ ಬದಿಯಂಗೆ."

ಇನ್ನೂ ಇಳಿಸಿದರೆ ರಸ್ತೆಯ ಉಬ್ಬಿಗೆ ಬಡಿಯುತ್ತದೆ ಎಂದು ಬಸ್ಸಿನ ಮಾಲಕರ ತಕರಾರು. ಅದೂ ನಿಜವೇ. ಕೊನೆಗೆ ಕೆಳಗಿನ ಒಂದು ಮೆಟ್ಟಿಲನ್ನು ಮಾತ್ರ ದಪ್ಪ ರಬ್ಬರ್ ಪಟ್ಟಿಯಲ್ಲಿ ನೇತುಹಾಕಿದೆವು. ಕಾಲಿಟ್ಟರೆ ಭಾರ ತಡೆಯುತ್ತದೆ, ಉಬ್ಬಿಗೆ ಬಡಿದರೆ ಹಿಂದಕ್ಕೆ ಹೊರಳಿ ಮತ್ತೆ ಜಾಗಕ್ಕೆ ಬರುತ್ತದೆ. ಆ ಪಟ್ಟಿಯ ಐಡಿಯಾ ಯಾರದ್ದು ಎಂದು ಆಮೇಲೆ ನಮ್ಮೊಳಗೆ ದೊಡ್ಡ ಜಗಳವಾಯಿತು. ಪ್ರತಿಯೊಬ್ಬರೂ ತಮ್ಮದೇ ಅಂದರು, ನಾನೂ ಅಂದೆ.

ಇನ್ನೊಂದು ವಿಷಯ ಸಿದ್ದಾಪುರ ರೂಟಿನದು. ಕುಂದಾಪುರದಿಂದ ಒಂದರ ಹಿಂದೆ ಒಂದು ಎರಡು ಬಸ್ಸು ಹೊರಡುತ್ತಿದ್ದವು. ಮುಂದಿನದು ನಾವು ಕಟ್ಟಿದ ಹೊಚ್ಚ ಹೊಸದು, ಒಳಗೆ ಟಿ.ವಿ., ಕಪ್ಪು ಗಾಜು, ಮೆತ್ತನೆಯ ಸೀಟು. ಹಿಂದಿನದು ಗಡಗಡ ಅನ್ನುವ ಹಳೇ ಬಸ್ಸು. ಜನ ಹೊಸದನ್ನು ಬಿಟ್ಟು ಹಳೆಯದಕ್ಕೆ ಕಾಯುತ್ತಿದ್ದರು! ಮಾಲಕರು ತಲೆ ಮೇಲೆ ಕೈ ಹೊತ್ತು ಬಂದರು, ಇನ್ನೂ ನಾಲ್ಕು ಬಣ್ಣದ ಲೈಟು ಹಾಕಿಕೊಡಿ ಅಂದರು. ಲೈಟು ಹಾಕುವ ಬದಲು ವಾಸು ಮೇಸ್ತ್ರಿ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿದರು, ಸುಮ್ಮನೆ ಕೂತು ಕೇಳು ಅಂತ.

ಕೇಳಿದರೆ ಎಲ್ಲರದ್ದೂ ಒಂದೇ ಮಾತು, ಅದರಲ್ಲಿ ಉಸಿರು ಕಟ್ಟುತ್ತದೆ. ನಾನು ಕಿಟಕಿ ದೊಡ್ಡದು ಮಾಡಲು ಹೊರಟೆ. ಮೇಸ್ತ್ರಿ ಅಷ್ಟಕ್ಕೆ ಒಪ್ಪದೆ ತಾವೇ ಒಂದು ದಿನ ಆ ಬಸ್ಸಿನಲ್ಲಿ ಹೋಗಿ ಬಂದರು. ಒಳದಾರಿಯ ಸ್ಟಾಪುಗಳಿಗೆ ಬೋರ್ಡಿಲ್ಲ. ಜನರಿಗೆ ಗೊತ್ತಿರುವುದು ಒಂದು ಹಲಸಿನ ಮರ, ಒಂದು ಗೇಟು, ಒಂದು ಮೋರಿ. ಕಪ್ಪು ಗಾಜಿನಲ್ಲಿ ಅದು ಯಾವುದೂ ಕಾಣುವುದಿಲ್ಲ. ತಮ್ಮ ಸ್ಟಾಪು ದಾಟಿ ಹೋಗುತ್ತದೋ ಎಂಬ ಆತಂಕದಲ್ಲಿ ದಾರಿಯುದ್ದಕ್ಕೂ ಕುತ್ತಿಗೆ ಚಾಚಿ ಕೂರಬೇಕು. ಆ ಆತಂಕಕ್ಕೇ ಅವರು ಉಸಿರು ಕಟ್ಟುತ್ತದೆ ಅಂದದ್ದು. ಗಾಜು ಬದಲಿಸಿದೆವು, ಜನ ಬಂದರು. ಟಿ.ವಿ.ಯನ್ನು ಯಾರೂ ನೋಡಲಿಲ್ಲ.

ನಾನು ಸೇರಿದಾಗ ಒಳಗಿನ ಚೌಕಟ್ಟೆಲ್ಲ ಮರದ್ದು. ಆಮೇಲೆ ಕಬ್ಬಿಣದ ಕೊಳವೆ ಬಂತು, ಅಲ್ಯೂಮಿನಿಯಂ ತಗಡು ಬಂತು, ಕೊನೆಗೆ ಕಂಪ್ಯೂಟರು ಬಂತು. ಕಂಪ್ಯೂಟರಿನ ಜೊತೆಗೆ ಅಶ್ವಿನಿ ಬಂದಳು. ಬ್ರಹ್ಮಾವರದ ಹುಡುಗಿ, ಡ್ರಾಯಿಂಗ್ ಕಲಿತವಳು. ಒಳ್ಳೆ ಗ್ರಹಚಾರ ಎಂದುಕೊಂಡಿದ್ದೆ, ಆದರೆ ಹುಡುಗಿ ಘಾಟಿ. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದನ್ನು ಅವಳು ಪರದೆಯ ಮೇಲೆ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಳು. ತಗಡು ಕತ್ತರಿಸುವ ಮುಂಚೆಯೇ ತಪ್ಪು ಕಾಣುತ್ತಿತ್ತು. ಎಷ್ಟು ತಗಡು ಉಳಿಯಿತೋ ದೇವರಿಗೇ ಗೊತ್ತು. ನನಗೆ ತಡೆಯಲಾಗದ್ದು ಈಗಿನ ಸ್ಟಿಕ್ಕರು ಮಾತ್ರ. ಎಲ್ಲ ಬಸ್ಸಿಗೂ ಒಂದೇ ನಮೂನೆಯ ಬೆಂಕಿ, ಹುಲಿ, ರೆಕ್ಕೆ. ಓದಲು ಬಾರದ ಅಜ್ಜಿಯಂದಿರು ಬಣ್ಣ ನೋಡಿ ಬಸ್ಸಿಗೆ ಕೈ ಮಾಡುವವರು. ಎಲ್ಲದಕ್ಕೂ ಹುಲಿಯೇ ಇದ್ದರೆ ಅವರು ಯಾವುದಕ್ಕೆ ಕೈ ಮಾಡಬೇಕು? ಇರಲಿ, ಆ ಸಿಟ್ಟು ಬೇರೆ.

ಈಗ ಗುಲಾಬಕ್ಕನ ವಿಷಯ. ಗಂಗೊಳ್ಳಿಯವರು, ನನ್ನದೇ ಪ್ರಾಯ, ಗಿಡ್ಡ ಆಳು, ಗಟ್ಟಿ ಗಂಟಲು. ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು, ಹೆಮ್ಮಾಡಿಗೆ ಬಂದು, ಅಲ್ಲಿ ಕೊಲ್ಲೂರು ಬಸ್ಸು ಹತ್ತಿ, ವಂಡ್ಸೆ ದಾಟಿ ಒಂದು ಒಳದಾರಿಯ ಸ್ಟಾಪಿನಲ್ಲಿ ಇಳಿಯುತ್ತಿದ್ದರು. ಅಲ್ಲಿಂದ ಬುಟ್ಟಿ ತಲೆಯ ಮೇಲೆ, ಮನೆ ಮನೆಗೆ ನಡಿಗೆ. ಅವರ ಅತ್ತೆಯೂ ಅದೇ ಮನೆಗಳಿಗೆ ಹೋಗುತ್ತಿದ್ದರಂತೆ. ಯಾವ ಮನೆಗೆ ಬಂಗುಡೆ, ಯಾವ ಮನೆಗೆ ಸಿಗಡಿ, ಯಾವ ಮನೆಯಲ್ಲಿ ಸೋಮವಾರ ಮೀನು ಮುಟ್ಟುವುದಿಲ್ಲ, ಎಲ್ಲ ಬಾಯಿಪಾಠ.

ಅವರು ಹತ್ತುತ್ತಿದ್ದ ಬಸ್ಸು ಶಂಕರ ಶೆಟ್ರದ್ದು. ಶೆಟ್ರು ಒಳ್ಳೆಯವರೇ. ಆದರೆ ಆ ರೂಟಿನ ಪಂಚಾಯಿತಿಕೆ ಯಾರಿಗೂ ಬೇಡ. ದೇವಸ್ಥಾನಕ್ಕೆ ಹೋಗುವವರು ಒಗೆದ ಪಂಚೆ, ರೇಷ್ಮೆ ಸೀರೆ ಉಟ್ಟು ಕುಂದಾಪುರದಲ್ಲಿ ಹತ್ತಿರುತ್ತಾರೆ. ಹೆಮ್ಮಾಡಿಯಲ್ಲಿ ಮೀನಿನ ಬುಟ್ಟಿ ಹತ್ತುತ್ತದೆ. ಐಸ್ ಕರಗಿದ ನೀರು ಬಸ್ಸು ತಿರುಗಿದ ಕಡೆಗೆಲ್ಲ ಹರಿಯುತ್ತದೆ. ಒಂದು ದಿನ ಆ ನೀರು ಯಾರದ್ದೋ ಪೂಜೆಯ ಚೀಲಕ್ಕೆ ತಾಗಿ, ದೊಡ್ಡ ರಾದ್ಧಾಂತವಾಗಿ, ಇನ್ನು ಬಸ್ಸಿನೊಳಗೆ ಮೀನು ಹತ್ತಿಸಕೂಡದು ಎಂದು ಶೆಟ್ರು ಕಂಡಕ್ಟರಿಗೆ ಹೇಳಿಬಿಟ್ಟರು. ಹೇಳಿದ ಮೇಲೆ ಅವರಿಗೇ ಮನಸ್ಸು ತಡೆಯಲಿಲ್ಲ. ವರ್ಕ್‌ಶಾಪಿಗೆ ಬಂದು, ಏನಾದರೊಂದು ದಾರಿ ಮಾಡು ಮಾರಾಯ ಅಂದರು. ಆಗ ವಾಸು ಮೇಸ್ತ್ರಿ ಇರಲಿಲ್ಲ, ತೀರಿಕೊಂಡು ಕೆಲವು ವರ್ಷವಾಗಿತ್ತು. ಮೇಸ್ತ್ರಿ ನಾನೇ.

ನಾನು ಮತ್ತು ಅಶ್ವಿನಿ ಕೂತು ಯೋಚನೆ ಮಾಡಿದೆವು. ವಾಸನೆ ಒಳಗೆ ಬರಬಾರದು, ನೀರು ಸೋರಬಾರದು, ಬುಟ್ಟಿ ಅಲುಗಾಡಬಾರದು. ಬಸ್ಸಿನ ಹಿಂಬದಿಯಲ್ಲಿ, ಬಂಪರಿನ ಮೇಲೆ, ತಗಡಿನ ಪೆಟ್ಟಿಗೆ ಮಾಡಿದೆವು. ಒಳಗೆ ಜಾಲರಿ, ಕೆಳಗೆ ರಂಧ್ರ, ರಂಧ್ರಕ್ಕೆ ರಬ್ಬರ್ ನಳಿಗೆ. ನೀಲಿ ಬಣ್ಣ, ಬಾಗಿಲಿಗೆ ಚಿಲಕ. ಮೂರು ಬುಟ್ಟಿ ಸಲೀಸಾಗಿ ಹಿಡಿಯುತ್ತಿತ್ತು. ಶೆಟ್ರು ಖುಷಿಯಲ್ಲಿ ಎಲ್ಲರಿಗೂ ಬಾಳೆಹಣ್ಣಿನ ಹಲ್ವ ತರಿಸಿದರು. ಬೇರೆ ಬಸ್ಸಿನವರೂ ಬಂದು ನೋಡಿ ಹೋದರು. ನನಗಂತೂ ನೆಲದ ಮೇಲೆ ಕಾಲಿರಲಿಲ್ಲ.

ಸ್ವಲ್ಪ ಸಮಯದ ನಂತರ ಆ ಬಸ್ಸು ಬ್ರೇಕಿನ ಕೆಲಸಕ್ಕೆ ಬಂತು. ಉಪ್ಪು ನೀರು ಬಿದ್ದು ಪೆಟ್ಟಿಗೆ ತುಕ್ಕು ಹಿಡಿದಿದೆಯೋ ಎಂದು ಬಾಗಿಲು ತೆಗೆದೆ. ಒಂದು ಚುಕ್ಕಿ ತುಕ್ಕಿಲ್ಲ, ಮೀನಿನ ವಾಸನೆಯಿಲ್ಲ, ಮೂಲೆಯಲ್ಲಿ ಜೇಡ ಬಲೆ ಕಟ್ಟಿತ್ತು. ಕಂಡಕ್ಟರನ್ನು ಕೇಳಿದರೆ, ಗುಲಾಬಕ್ಕ ಈಗ ಬರುವುದೇ ಇಲ್ಲ, ಉಳಿದ ಮೀನಿನವರೂ ಬೇರೆ ದಾರಿ ನೋಡಿಕೊಂಡರು ಅಂದ. ಮರುದಿನವೇ ಹೆಮ್ಮಾಡಿಗೆ ಹೋದೆ.

ಗುಲಾಬಕ್ಕ ಜಂಕ್ಷನ್ನಿನ ಒಂದು ತುದಿಯಲ್ಲಿ, ಚರಂಡಿಯ ಪಕ್ಕ, ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಅಲ್ಲಿ ಮೊದಲಿನಿಂದ ಕೂರುವ ಮೀನಿನವರಿಗೆ ಒಳ್ಳೆಯ ಜಾಗವೆಲ್ಲ ಆಗಿಹೋಗಿತ್ತು. ಇವರ ಕಡೆಗೆ ಯಾರೂ ಬರುತ್ತಿರಲಿಲ್ಲ. ನನ್ನನ್ನು ಕಂಡು, ಸದಣ್ಣನಾ ಎಂದು ನಕ್ಕರು, ಕೂರಲು ಒಂದು ರಟ್ಟಿನ ತುಂಡು ಕೊಟ್ಟರು. ಪೆಟ್ಟಿಗೆ ಸರಿಯಾಗಲಿಲ್ಲವಾ, ಬಾಗಿಲು ಗಟ್ಟಿಯಾ, ಒಳಗೆ ಬಿಸಿಯಾಗುತ್ತದಾ ಎಂದು ನಾನು ಒಂದೇ ಸಮನೆ ಕೇಳಿದೆ.

"ಪೆಟ್ಗಿ ಚಂದ ಇತ್ತ್ ಸದಣ್ಣ," ಅಂದರು. "ಆರೆ ನಂಗೆ ಹೊರ್ಸುದ್ ಯಾರ್?"

ಹೊರ್ಸುದು. ನಮ್ಮ ಕಡೆ ಹುಟ್ಟಿದವರಿಗೆಲ್ಲ ಗೊತ್ತಿರುವ ಮಾತು. ತಲೆಹೊರೆಯವರು ಹೊರೆಯನ್ನು ತಾವೇ ತಲೆಗೇರಿಸಲಾರರು, ಇನ್ನೊಬ್ಬರು ಒಂದು ಬದಿ ಹಿಡಿದು ಎತ್ತಿ ಕೊಡಬೇಕು. ಗದ್ದೆಯಲ್ಲಿ, ದರೆಯ ಹತ್ತಿರ, ದಾರಿಯಲ್ಲಿ, 'ಒಂಚೂರ್ ಹೊರ್ಸಿನಿ' ಎಂದು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ನಾನೇ ಎಷ್ಟು ಹುಲ್ಲುಹೊರೆ ಹೊರಿಸಿಲ್ಲ! ಮುಂಚೆ ಬಸ್ಸಿನೊಳಗೆ ಬುಟ್ಟಿ ಇದ್ದಾಗ ಗುಲಾಬಕ್ಕ ಕೆಳಗಿಳಿದು ನಿಲ್ಲುತ್ತಿದ್ದರು, ಕಂಡಕ್ಟರ್ ಮೆಟ್ಟಿಲ ಮೇಲಿಂದಲೇ ಬುಟ್ಟಿಯನ್ನು ಅವರ ತಲೆಗೆ ದಾಟಿಸುತ್ತಿದ್ದ. ಬಸ್ಸಿನ ಎತ್ತರವೇ ಅರ್ಧ ಕೆಲಸ ಮಾಡುತ್ತಿತ್ತು. ನಾವು ಆ ಬುಟ್ಟಿಯನ್ನು ತಂದು ಮೊಣಕಾಲಿನ ಮಟ್ಟದ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದೆವು.

ಮೊದಮೊದಲು ಕಂಡಕ್ಟರ್ ಹಿಂದೆ ಓಡಿ ಹೋಗಿ ಹೊರಿಸಿದನಂತೆ. ಆದರೆ ಹಿಂದಿನ ಬಸ್ಸು ಅಟ್ಟಿಸಿಕೊಂಡು ಬರುತ್ತಿರುತ್ತದೆ, ಡ್ರೈವರ್ ಹಾರನ್ ಒತ್ತುತ್ತಾನೆ, ಒಳಗಿದ್ದವರು ಗೊಣಗುತ್ತಾರೆ. ಆಮೇಲೆ ಬುಟ್ಟಿಯನ್ನು ನೆಲಕ್ಕೆ ಇಳಿಸಿ ಬಸ್ಸು ಹೋಗತೊಡಗಿತು. ಆ ಸ್ಟಾಪಿನಲ್ಲಿ ಅಂಗಡಿಯಿಲ್ಲ, ಮನೆಯಿಲ್ಲ. ಯಾರಾದರೂ ದಾರಿಹೋಕರು ಬರುವವರೆಗೆ ಗುಲಾಬಕ್ಕ ಬುಟ್ಟಿಯ ಪಕ್ಕ ನಿಂತಿರಬೇಕು. ಅಷ್ಟರಲ್ಲಿ ಸ್ಕೂಟರಿನಲ್ಲಿ ಐಸ್ ಪೆಟ್ಟಿಗೆ ಕಟ್ಟಿಕೊಂಡು ಹಾರನ್ ಹೊಡೆಯುತ್ತಾ ಬರುವ ಮೀನಿನವನು ಅವರ ಕಣ್ಣೆದುರೇ ಒಳದಾರಿಗೆ ಹೋಗಿ, ಎಲ್ಲ ಮನೆಗೂ ಕೊಟ್ಟು, ವಾಪಸ್ಸೂ ಬಂದಿರುತ್ತಿದ್ದ. ಅಡಿಗೆಯಾದ ಮೇಲೆ ಮೀನು ತಂದರೆ ಯಾರು ತಗೊಳ್ಳುತ್ತಾರೆ? ಅರ್ಧ ಬುಟ್ಟಿ ತಂದು ನೋಡಿದರು, ಅದು ಬಸ್ಸಿನ ಖರ್ಚಿಗೇ ಸರಿಹೋಯಿತು.

"ನಮ್ಮತ್ತಿ ನಂಗೆ ಚಿನ್ನ ಕೊಡ್ಲಿಲ್ಲೆ. ಆ ಮನಿಗಳ್ನ ಕೊಟ್ಟ್ ಹೋದ್ರ್," ಅಂದರು ಗುಲಾಬಕ್ಕ. "ಇನ್ನೊಂದ್ ಮಳಿಗಾಲ ಹೋರೆ ಒಂದ್ ಮನಿಯೂ ಉಳುದಿಲ್ಲೆ."

ವಾಪಸ್ಸು ಬರುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ದೂರು ಕೊಟ್ಟವರು ಪೂಜೆಯ ಚೀಲದವರು. ವಾಸನೆ, ನೀರು, ಕಲೆ, ಎಲ್ಲ ಅವರ ತೊಂದರೆ. ಅದಷ್ಟನ್ನೂ ನಾವು ಅಚ್ಚುಕಟ್ಟಾಗಿ ಬಗೆಹರಿಸಿದ್ದೆವು. ಗುಲಾಬಕ್ಕ ದೂರು ಕೊಟ್ಟಿರಲಿಲ್ಲ, ಆದ್ದರಿಂದ ಅವರಿಗೊಂದು ತೊಂದರೆ ಇರಬಹುದು ಎಂದು ನಮಗೆ ಹೊಳೆಯಲೇ ಇಲ್ಲ. ಬುಟ್ಟಿಯನ್ನು ಅಳೆದಿದ್ದೆವು, ಬುಟ್ಟಿಯ ಕೆಳಗಿನ ತಲೆಯನ್ನು ಅಳೆದಿರಲಿಲ್ಲ. ಯಾವ ಬೆಂಗಳೂರಿನವನೋ ಹೀಗೆ ಮಾಡಿದ್ದರೆ ಅವನಿಗೆ ಊರು ಗೊತ್ತಿಲ್ಲ ಅನ್ನಬಹುದಿತ್ತು. ಹೊರಿಸುತ್ತಲೇ ಬೆಳೆದ ನಾವೇ ಅದನ್ನು ಮರೆತದ್ದು. ದಿನಾ ಮಾಡುವ ಕೆಲಸವನ್ನು ಕೆಲಸ ಎಂದೇ ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಶ್ವಿನಿಗೆ ಹೇಳಿದೆ. ಅವಳಿಗೂ ಬೇಜಾರಾಯಿತು, ಆದರೆ ಬೇಜಾರು ಮಾಡಿಕೊಂಡು ಕೂರುವ ಜಾತಿಯಲ್ಲ ಅದು. ನಾನು ಹಿಂಬದಿಯಲ್ಲಿ ತಲೆಯ ಎತ್ತರಕ್ಕೆ ಒಂದು ಕಬ್ಬಿಣದ ಹಲಗೆ ಚಾಚಿಸೋಣ, ಗುಲಾಬಕ್ಕ ಅದರ ಕೆಳಗೆ ತಲೆ ಕೊಟ್ಟು ಬುಟ್ಟಿ ತೆಗೆದುಕೊಳ್ಳಲಿ ಅಂದೆ. ಬಂಪರಿಗಿಂತ ಹೊರಗೆ ಚಾಚಿದ್ದನ್ನು ಆರ್.ಟಿ.ಒ. ತಪಾಸಣೆಯಲ್ಲಿ ಪಾಸು ಮಾಡುವುದಿಲ್ಲ ಎಂದು ಅವಳು ನೆನಪಿಸಿದಳು. ಮಡಚುವ ಹಲಗೆ ಅಂದೆ. ಮಡಚಿದ್ದು ಓಡುವಾಗ ಬಿಚ್ಚಿಕೊಂಡು ಹಿಂದಿನ ಬೈಕಿನವನ ಮೂತಿಗೆ ಬಡಿದರೆ ಎಂದಳು. ಅದೂ ಹೌದು. ಇಬ್ಬರೂ ತಲೆ ಕೆರೆದುಕೊಂಡು ಕೂತೆವು.

ಮಾರನೆ ದಿನ ಬಂದವಳೇ, ಬಸ್ಸಿನ ಹೊರಗೆ ನಿಂತು, ಕೊನೇ ಸಾಲಿನ ಸೀಟು ಇರುವ ಮಟ್ಟಕ್ಕೆ ಕೈಯಿಟ್ಟು ತೋರಿಸಿದಳು. ಒಳಗೆ ಕೂತವರಿಗೆ ಅದು ಸೀಟು. ನೆಲದ ಮೇಲೆ ನಿಂತವರಿಗೆ ಅದು ನೆತ್ತಿಯ ಎತ್ತರ. ಆ ಉದ್ದ ಸೀಟಿನ ಎಡ ಮೂಲೆ ಕಿತ್ತು, ಅಲ್ಲಿ ಒಂದು ಕೋಣೆ ಮಾಡಿ, ಅದಕ್ಕೆ ಬಸ್ಸಿನ ಹೊರಮೈಯಿಂದ ಬಾಗಿಲಿಟ್ಟರೆ ಯಾವುದೂ ಹೊರಗೆ ಚಾಚುವುದಿಲ್ಲ. ಒಳಬದಿಗೆ ಪೂರ್ತಿ ತಗಡಿನ ಗೋಡೆ, ವಾಸನೆಯಿಲ್ಲ. ಕೆಳಗೆ ಟ್ರೇ, ನಳಿಗೆ, ನೀರಿಲ್ಲ. ಗುಲಾಬಕ್ಕ ಹೊರಗೆ ನಿಂತು ಬಾಗಿಲು ತೆರೆದು, ಬುಟ್ಟಿಯನ್ನು ತನ್ನ ಕಡೆಗೆ ಎಳೆದರೆ ಅದು ನೇರವಾಗಿ ತಲೆಯ ಮೇಲೇ ಬರುತ್ತದೆ.

ಗುಲಾಬಕ್ಕನನ್ನು ವರ್ಕ್‌ಶಾಪಿಗೆ ಕರೆಸಿದೆವು. ತಲೆಯ ಮೇಲೆ ಸಿಂಬೆ, ಅಂದರೆ ಬಟ್ಟೆ ಸುತ್ತಿದ ಬಳೆ, ಇಟ್ಟುಕೊಂಡು ಬಸ್ಸಿಗೆ ಒರಗಿ ನಿಂತರು. ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮದುಮಗಳ ಹಾಗೆ ನಿಲ್ಲಿಸಿದ್ದೀರಲ್ಲ ಎಂದು ಅವರು ನಮ್ಮನ್ನು ಗೇಲಿ ಮಾಡಿದರು. ಉದ್ದ ಆಳುಗಳಿಗೆ ಇದು ತಗ್ಗಾಗುತ್ತದೆಯಲ್ಲ ಎಂದು ನಾನು ಕೇಳಿದ್ದಕ್ಕೆ, ಉದ್ದದವರು ಮಂಡಿ ಬಗ್ಗಿಸಬಹುದು, ಗಿಡ್ಡದವರು ಬೆಳೆಯಲಿಕ್ಕೆ ಆಗುತ್ತದಾ ಎಂದಳು ಅಶ್ವಿನಿ. ಆಮೇಲೆ ಇಬ್ಬರೂ ವಂಡ್ಸೆ ಕಡೆಗೆ ಹೋಗಿ ಆ ಸ್ಟಾಪಿನ ನೆಲ ರಸ್ತೆಗಿಂತ ಎಷ್ಟು ತಗ್ಗು ಎಂದು ನೋಡಿ, ಗೆರೆಯನ್ನು ಇನ್ನಷ್ಟು ಕೆಳಗೆ ಎಳೆದೆವು.

ಉಳಿದದ್ದು ಶಂಕರ ಶೆಟ್ರು. ಮೂಲೆ ಕಿತ್ತರೆ ಎರಡು ಸೀಟು ಹೋಗುತ್ತದೆ ಎಂದು ಕೇಳಿದ್ದೇ ತಡ, ಎದ್ದು ಹೊರಟೇಬಿಟ್ಟರು. ಪೆಟ್ಟಿಗೆ ಮಾಡಿಸಿಕೊಟ್ಟಾಯಿತಲ್ಲ, ಇನ್ನೂ ಎಂತ ಬೇಕು ಎಂಬುದು ಅವರ ವಾದ. ಅವರನ್ನು ತಪ್ಪೆನ್ನಲಾಗುವುದಿಲ್ಲ, ಸೀಟು ಅಂದರೆ ಅವರ ಅನ್ನ. ನಾನು ಅವರನ್ನು ತಡೆದು ನಿಲ್ಲಿಸಿದೆ. ಒದ್ದೆ ಹೊಯ್ಗೆ, ಅಂದರೆ ಮರಳು, ತುಂಬಿದ ಒಂದು ಬುಟ್ಟಿಯನ್ನು ಹಿಂದಿನ ನೀಲಿ ಪೆಟ್ಟಿಗೆಯಲ್ಲಿ ಇಡಿಸಿ, ಶೆಟ್ರೆ, ಇದನ್ನು ಒಬ್ಬರೇ ನಿಮ್ಮ ತಲೆಯ ಮೇಲಿಟ್ಟುಕೊಳ್ಳಿ, ಆಮೇಲೆ ನಾನು ಮಾತೇ ಆಡುವುದಿಲ್ಲ ಅಂದೆ.

ಶೆಟ್ರು ದೊಡ್ಡ ಆಳು, ಒಂದು ಕಾಲದ ಕಬಡ್ಡಿಯವರು. ಅಂಗಿ ತೋಳು ಮಡಚಿದರು. ಎದೆಯವರೆಗೆ ಎತ್ತಿದರು. ಅಲ್ಲಿಂದ ಮೇಲೆ ಕೈ ತಿರುಗಿಸಲಾಗದೆ ಬುಟ್ಟಿ ವಾಲಿ, ನೀರೆಲ್ಲ ಬಿಳಿ ಅಂಗಿಯ ಮೇಲೆ ಸುರಿಯಿತು. ಇನ್ನೊಂದು ಸಲ ನೋಡಿದರು. ಮೂರನೇ ಸಲ ಬುಟ್ಟಿಯನ್ನು ನೆಲದ ಮೇಲಿಟ್ಟು ಅದರ ಪಕ್ಕದಲ್ಲೇ ಕೂತರು. ಯಾರೂ ನಗಲಿಲ್ಲ.

"ಒಂದ್ ಸೀಟ್ ಕೊಡ್ತೆ ಮೇಸ್ತ್ರಿ," ಅಂದರು ಅಂಗಿ ಹಿಂಡುತ್ತಾ. "ಎರಡ್ ಕೇಣ್ಬೇಡ."

ಒಂದು ಸೀಟಿನ ಅಗಲದಲ್ಲಿ ಬುಟ್ಟಿ ಹಿಡಿಯುವುದಿಲ್ಲ. ಅಶ್ವಿನಿ ಆ ಸಾಲಿನ ಸೀಟುಗಳನ್ನು ಪರದೆಯ ಮೇಲೆ ಒಂದೊಂದೇ ಬೆರಳು ಸರಿಸಿದಳು, ನಾನು ಆ ಬದಿಯ ಕೈಹಿಡಿಯನ್ನು ಕಿತ್ತು ಗೋಡೆಯೊಳಗೆ ತಗ್ಗಿಸಿದೆ. ಹೇಗೋ ಜಾಗ ಸಿಕ್ಕಿತು. ಆ ಸಾಲಿನಲ್ಲಿ ಕೂರುವವರು ಇವತ್ತಿಗೂ ಒಂಚೂರು ಒತ್ತಿಕೊಂಡೇ ಕೂರುತ್ತಾರೆ. ಗೊಣಗುತ್ತಾರೆ ಕೂಡ. ಗೊಣಗಲಿ.

ಹೊಸ ಕೋಣೆಯ ಮೊದಲ ದಿನ ನಾನೂ ಅದೇ ಬಸ್ಸಿನಲ್ಲಿ ಹೋದೆ. ಹೆಮ್ಮಾಡಿಯಲ್ಲಿ ಗುಲಾಬಕ್ಕ ತಲೆಯಿಂದಲೇ ಬುಟ್ಟಿಯನ್ನು ಒಳಗೆ ಜಾರಿಸಿ, ಚಿಲಕ ಹಾಕಿ, ಹತ್ತಿ ಕೂತರು. ಪಕ್ಕದಲ್ಲಿ ಮಲ್ಲಿಗೆ ಮುಡಿದು ದೇವಸ್ಥಾನಕ್ಕೆ ಹೊರಟ ಒಬ್ಬರು ಹೆಂಗಸು. ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡುತ್ತಾ ಬಂದರು. ನನಗೆ ಮಾತ್ರ ಒಂದೇ ಚಿಂತೆ. ಗೆರೆ ತಪ್ಪಿದ್ದರೆ? ತಗಡಿನ ಅಂಚಿಗೆ ಬುಟ್ಟಿ ಸಿಕ್ಕಿಕೊಂಡರೆ? ಇದೂ ಆಗದಿದ್ದರೆ ಶೆಟ್ರು ಮೂರನೆಯದಕ್ಕೆ ಖಂಡಿತ ಒಪ್ಪುವುದಿಲ್ಲ, ಅಷ್ಟರಲ್ಲಿ ಆ ಮನೆಗಳೂ ಹೋಗಿರುತ್ತವೆ.

ವಂಡ್ಸೆ ದಾಟಿ ಸ್ಟಾಪು ಬಂತು. ಗುಲಾಬಕ್ಕ ಇಳಿದು ಹಿಂದೆ ಹೋದರು. ಅಭ್ಯಾಸಬಲದಿಂದ ಕಂಡಕ್ಟರೂ ಇಳಿಯಹೋದ, ನಾನು ಅವನ ತೋಳು ಹಿಡಿದೆ. ಕಿಟಕಿಯಲ್ಲಿ ತಲೆ ಹಾಕಿ ನೋಡಿದೆ. ಬಾಗಿಲು ತೆರೆದರು, ಸಿಂಬೆ ಸರಿ ಮಾಡಿಕೊಂಡರು, ಬುಟ್ಟಿಯ ಅಂಚು ಹಿಡಿದು ಎಳೆದರು. ಬುಟ್ಟಿ ತಲೆಯ ಮೇಲೆ ಬಂದು ಕೂತಿತು. ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲು ಹಾಕಿದರು. ಅಷ್ಟೇ.

ಆದರೆ ಅವರು ಹೊರಡಲಿಲ್ಲ. ಬುಟ್ಟಿ ಹೊತ್ತು ಅಲ್ಲೇ ನಿಂತುಬಿಟ್ಟರು. ಕುತ್ತಿಗೆ ಉಳುಕಿತೋ ಎಂದು ನಾನು ಹಾರಿ ಇಳಿದು ಓಡಿದೆ. ಹತ್ತಿರ ಹೋದರೆ ಕಣ್ಣಿಂದ ನೀರು ಇಳಿಯುತ್ತಿದೆ, ಎರಡು ಕೈಯೂ ಬುಟ್ಟಿಯ ಮೇಲಿದ್ದುದರಿಂದ ಒರೆಸಿಕೊಳ್ಳಲೂ ಆಗುತ್ತಿಲ್ಲ. ಎಂತ ಆಯಿತು ಗುಲಾಬಕ್ಕ, ಎಲ್ಲಿ ನೋವಾಯಿತು ಎಂದು ಕೇಳಿದೆ.

"ಎಂತದೂ ಇಲ್ಲೆ ಸದಣ್ಣ," ಅಂದರು. "ಇಲ್ಲಿ ಇಳ್ದ್ ಕೂಡ್ಲೆ ಮೊದ್ಲ್ ಬಾಯಂಗೆ ಬಪ್ಪುದ್ 'ಒಂಚೂರ್ ಹೊರ್ಸಿನಿ' ಅಂದ್ಹೇಳಿ. ಮದಿ ಆಯಿ ಅತ್ತಿ ಮನಿಗ್ ಬಂದಲ್ಲಿಂದ ಅದೇ ಮಾತ್. ಇವತ್ತ್ ಯಾರ್ ಹತ್ರ ಎಂತ ಹೇಳ್ಕ್ ಅಂದೇ ಗೊತ್ತಾತಿಲ್ಲೆ."

ಹೇಳಲಿಕ್ಕೆ ನಾಚಿಕೆಯೇನಿಲ್ಲ, ನಾನೂ ರಸ್ತೆಯಲ್ಲಿ ನಿಂತು ಅತ್ತೆ. ತಡವಾಗುತ್ತದೆ, ಹೋಗಿ, ಮನೆಯವರು ಕಾಯುತ್ತಿರುತ್ತಾರೆ ಅಂದೆ. ಅವರು ಮೂಗು ಎಳೆದುಕೊಂಡು ಒಳದಾರಿಗೆ ತಿರುಗಿದರು. ಡ್ರೈವರ್ ಹಾರನ್ ಒತ್ತದೆ ಕಾದಿದ್ದ. ನಾನು ಹತ್ತಿ, ಕಂಡಕ್ಟರ್ ರೈಟ್ ಅನ್ನುವಷ್ಟರಲ್ಲಿ ತಿರುವಿನ ಆಚೆಯಿಂದ ಅವರ ಗಂಟಲು ಕೇಳಿಸಿತು.

"ಹ್ವಾಯ್, ಮೀನ್ ಬಂತ್ ಕಾಣಿ. ನಾನೇ ಬಂದೆ."